ಹಾಗೂ ಸಂಗಡಿಗರು

ರಾಕ್ ಬ್ಯಾಂಡ್ ಕಟ್ಟುವವರಿಗೆ ಗಿಟಾರು, ಡ್ರಮ್ಮು ಎಲ್ಲ ಆಮೇಲೆ. ಮೊದಲು ಬೇಕಾದದ್ದು ಮನೆಯವರ ವಿರೋಧ. ಅಪ್ಪ ಗುಡುಗಬೇಕು, ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು, ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತು ‘ಹುಡುಗ ಕೆಟ್ಟ ನೋಡು’ ಅನ್ನಬೇಕು. 1957ರ ಜನವರಿಯಲ್ಲಿ ಅಮೆರಿಕದ ಟಿವಿಯವರು ಎಲ್ವಿಸ್ ಪ್ರೀಸ್ಲಿಯನ್ನು ಸೊಂಟದಿಂದ ಮೇಲಷ್ಟೇ ತೋರಿಸಿದರು. ಸೊಂಟದ ಕೆಳಗಿನ ಕುಣಿತ ಕಂಡರೆ ವಯಸ್ಸಿನ ಮಕ್ಕಳು ಹಾಳಾಗುತ್ತಾರೆಂದು ದೊಡ್ಡವರಿಗೆ ಭಯವಿತ್ತು. ಆ ಭಯವೇ ಅವನ ಅರ್ಧ ಬಂಡವಾಳ. ಹೊಳೆಆಲೂರಿನಲ್ಲಿ ನಮಗೆ ಅಂಥ ಒಬ್ಬ ಪುಣ್ಯಾತ್ಮ ವಿರೋಧಿಯೂ ಸಿಗಲಿಲ್ಲ.

ನಮ್ಮದು ಹಿಟ್ಟಿನ ಗಿರಣಿಯ ಮನೆ. ಮುಂದೆ ಗಿರಣಿ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಆಯಿಯಿಂದ ಹಿಡಿದು ಕಾಕಾನ ತೊಟ್ಟಿಲ ಕೂಸಿನವರೆಗೆ 11 ಮಂದಿ. ಒಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಸುದ್ದಿ ಹೇಳಿದೆ. ಬೆಳಗಿನವರೆಗೂ ಜಗಳವಾಡುವ ತಯಾರಿಯಲ್ಲಿದ್ದೆ. ಆಡಬೇಕಾದ ಮಾತುಗಳನ್ನು ಗಿರಣಿಯ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ ಬರೆದೂ ಇಟ್ಟುಕೊಂಡಿದ್ದೆ. ಅಪ್ಪ ರೊಟ್ಟಿ ಮುರಿಯುತ್ತ ಕೇಳಿದ್ದು ಇಷ್ಟೇ:

“ಮುಂಜಾನೆ ಎಂಟಕ್ಕ ಗಿರಣಿ ಯಾರು ಚಾಲೂ ಮಾಡಾವ್ರು?”

“ನಾನ.”

“ಮತ್ತ ಬಾರಿಸ್ಕೊ ಹೋಗು.”

ಕಾಕಾ, “ಕೆಂಪು ಕೋಟ ಹೊಲಿಸಬೇಕೇನ್ಲೇ?” ಅಂದ. ಅವನಿಗೆ ಬ್ಯಾಂಡ್ ಎಂದರೆ ಮದುವೆಯ ಮೆರವಣಿಗೆ. ಗಂಭೀರವಾಗಿ ಕೇಳಿಸಿಕೊಂಡವಳು ಆಯಿ ಒಬ್ಬಳೇ. “ಯಾರ ಕಡೆ ಕಲ್ತೀ?” ಎಂದಳು. ಮೊಬೈಲ್ ನೋಡಿ ಕಲಿತೆ ಅಂದೆ. ಗುರುವಿಲ್ಲದ ವಿದ್ಯೆ ಮನೆಗೆ ಬರಬಾರದು, ಆದ್ದರಿಂದ ಇನ್ನು ಮೇಲೆ ಬಾರಿಸುವ ಮುಂಚೆ ಆ ಮೊಬೈಲಿಗೆ ಒಂದು ಊದಿನಕಡ್ಡಿ ಬೆಳಗಿಯೇ ಕೂಡಬೇಕು ಎಂದು ಅಪ್ಪಣೆಯಾಯಿತು. ಲಂಡನ್ನಿನ ಯಾವ ರಾಕ್ ಕಲಾವಿದನೂ ಊದಿನಕಡ್ಡಿ ಹಚ್ಚಿ ಬಂಡಾಯ ಹೂಡಿದ್ದನ್ನು ನಾನು ಕೇಳಿಲ್ಲ.

ಮನೆಯವರನ್ನು ದೂರಿ ಫಲವಿಲ್ಲ, ದೋಷ ಸೀಮೆಯದು. ನಮ್ಮ ತಾಲ್ಲೂಕಿನ ಊರು ರೋಣ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಅಲ್ಲಿ. ರೈಲು ಹತ್ತಿದರೆ ಗದಗ. ಅಲ್ಲಿ ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ. ಅವರ ನಂತರ 2010ರಲ್ಲಿ ಲಿಂಗೈಕ್ಯರಾಗುವವರೆಗೆ ಪುಟ್ಟರಾಜ ಗವಾಯಿಗಳು ಅಲ್ಲಿ ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ ಹಾಕಿ ಸ್ವರ ಕಲಿಸಿದರು. ಹಾಡು ಹೇಳುವವರು ಅವರು, ಹಾರ್ಮೋನಿಯಂ, ತಬಲಾ, ಸಾರಂಗಿ, ವಯೊಲಿನ್ ನುಡಿಸುವವರೂ ಅವರೇ, ನಾಟಕ ಬರೆಯುವವರೂ ಅವರೇ. ನಮ್ಮಲ್ಲಿ ನಾಲ್ಕು ಮಂದಿ ಕೂಡಿ ಅವರ ಕಾಲುಭಾಗ ವಾದ್ಯಗಳನ್ನು ಕೆಡಿಸುತ್ತಿದ್ದೆವು. ರೈಲಿನಲ್ಲಿ ಇನ್ನೊಂದು ದಿಕ್ಕಿಗೆ ಹೋದರೆ ಬಾದಾಮಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆದು ವಾರಗಟ್ಟಲೆ ಇಡೀ ರಾತ್ರಿ ಆಡುತ್ತವೆ. ಇನ್ನು ನಮ್ಮ ಓಣಿಯಲ್ಲೇ ಸೋಮವಾರಕ್ಕೊಂದು ಭಜನೆ, ಅಮಾವಾಸ್ಯೆಗೊಂದು ಭಜನೆ. ಇಂಥ ಕಡೆ ಮಗ ಸಂಗೀತಕ್ಕೆ ಬಿದ್ದ ಎಂದರೆ ಮಗನಿಗೆ ನೆಗಡಿಯಾಯಿತು ಎಂದಷ್ಟೇ ಸುದ್ದಿ. ಕಷಾಯ ಕೊಟ್ಟು ಸುಮ್ಮನಾಗುತ್ತಾರೆ.

ಭೀಮಸೇನರು 11ನೇ ವಯಸ್ಸಿನಲ್ಲಿ ಸಂಗೀತಕ್ಕಾಗಿ ಮನೆ ಬಿಟ್ಟು ಓಡಿ, ಸಿಕ್ಕ ರೈಲು ಹತ್ತಿ ಗ್ವಾಲಿಯರ್, ಜಲಂಧರ್ ಎಂದು ಗುರುವನ್ನು ಹುಡುಕುತ್ತ ಅಲೆದು, ಕಡೆಗೆ ಪಕ್ಕದ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಕಾಲು ಹಿಡಿದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನೂ ಓಡಿಹೋಗಲು ನಿರ್ಧರಿಸಿದೆ. ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ಅವ್ವ ಸುಳಿವು ಹಿಡಿದು ಬಂದಳು. ತಡೆಯುತ್ತಾಳೆ ಎಂದು ಆಸೆಯಿಂದ ನಿಂತೆ. ಅವಳು ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಟ್ಟಳು. ಗಿರಣಿಯೊಳಗಿಂದ ಅಪ್ಪ ಕೂಗಿದ: “ಹೆಂಗೂ ಗದಗಿಗೆ ಹೊಂಟೀಯಲ್ಲ, ಗಿರಣಿದು ಒಂದ್ ಪಟ್ಟಾ ತಗೊಂಬಾ. ಅಳತಿ ಗೊತ್ತೈತಿಲ್ಲ?” ಸಂಜೆಯ ಗಾಡಿಗೆ ಪಟ್ಟಾ ಹಿಡಿದುಕೊಂಡು ಬಂದಿಳಿದೆ. ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚಾಯಿತೆಂದು ಅಪ್ಪ ಸಿಟ್ಟಾದ. ಆ ವರ್ಷ ನನಗೆ ಸಿಕ್ಕ ವಿರೋಧ ಅದೊಂದೇ.

ಉಳಿದವರ ಪರಿಚಯ ಮಾಡಿಕೊಡಬೇಕು. ಹಾಡುವವನು ಗದಗಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತು ಬಂದ ಹುಡುಗ. ಎಂಥ ಸಿಟ್ಟಿನ ಹಾಡು ಕೊಟ್ಟರೂ ಎರಡನೇ ಸಾಲಿಗೆ ಭೈರವಿಗೆ ಇಳಿದುಬಿಡುತ್ತಾನೆ. ಮುಗಿಸುವಾಗ ತಿಹಾಯಿ ಹಾಕದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಗಿಟಾರಿನವನು ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಮಾಡುವವನು. ‘ಮೆಟಾಲಿಕಾ’ ಎಂದು ಬರೆದ ಕರಿ ಅಂಗಿ ಬಿಟ್ಟು ಬೇರೆ ತೊಡುವುದಿಲ್ಲ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ಮಂದಿ ಬಾರಿಸಿದಾಗ ತಾನು ಅಲ್ಲಿದ್ದೆ ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಆಗ ಅವನು ಕನ್ನಡ ಶಾಲೆಯಲ್ಲಿ ನನ್ನ ಪಕ್ಕ ಕೂತು ಮಗ್ಗಿ ಹೇಳುತ್ತಿದ್ದ. ಅಂಗಿ ಹುಬ್ಬಳ್ಳಿಯ ದುರ್ಗದಬೈಲಿನದು.

ಡ್ರಮ್ಮಿನವನದ್ದು ಇನ್ನೊಂದು ಸಮಸ್ಯೆ. ಅವನು ನಾಟಕ ಕಂಪನಿಯಲ್ಲಿ ಪ್ಯಾಡ್ ಬಾರಿಸಿ ಕೈ ಪಳಗಿಸಿಕೊಂಡವನು. ಕಂಪನಿ ನಾಟಕದಲ್ಲಿ ಖಳನಾಯಕ ಮೀಸೆ ತಿರುವಿದರೆ ‘ಢಂ’ ಅನ್ನಬೇಕು, ಹಾಸ್ಯದವನು ಜಾರಿ ಬಿದ್ದರೆ ‘ಟುರ್ರ್ ಝಂಯ್’ ಅನ್ನಬೇಕು, ನಾಯಕಿ ಕಣ್ಣು ಹೊಡೆದರೆ ‘ಟಿಂಗ್’. ಈ ಚಟ ಅವನ ಕೈ ಬಿಡಲಿಲ್ಲ. ನಮ್ಮ ಹಾಡುಗಾರ ಕಣ್ಣು ಮುಚ್ಚಿ ಎದೆ ಬಿರಿಯುವ ಸಾಲು ಹಾಡುತ್ತ ಮೈಕಿನ ವೈರು ತೊಡರಿ ಮುಗ್ಗರಿಸಿದರೆ, ಕ್ಷಣವೂ ತಡವಿಲ್ಲದೆ ಹಿಂದಿನಿಂದ ‘ಟುರ್ರ್ ಝಂಯ್’. ಜನ ಚಪ್ಪಾಳೆ ಹೊಡೆದದ್ದು ಅಲ್ಲಿಯೇ ಹೆಚ್ಚು.

ಬ್ಯಾಂಡಿಗೆ ಹೆಸರಿಲ್ಲ. ಇಡಲು ಕುಳಿತೆವು. ಗಿಟಾರಿನವನಿಗೆ ರಕ್ತ, ಬೆಂಕಿ, ಮಸಣ ಇಂಥದ್ದೇನಾದರೂ ಬೇಕು. ಹಾಡುವವನಿಗೆ ಗುರುಗಳ ಹೆಸರು ಬರಬೇಕು. ಆಯಿ, ಮನೆದೇವರ ಹೆಸರು ಬಿಟ್ಟು ಬೇರೆ ಇಟ್ಟರೆ ಊಟವಿಲ್ಲ ಅಂದಳು. ಇತ್ಯರ್ಥವಾಗುವ ಮೊದಲೇ ಗಣೇಶೋತ್ಸವದ ಪಾಂಪ್ಲೆಟ್ ಅಚ್ಚಿಗೆ ಹೋಗಿ, ಅದರಲ್ಲಿ ಹಾಡುವವನ ಹೆಸರು ದಪ್ಪಗೆ, ಅದರ ಕೆಳಗೆ ‘ಹಾಗೂ ಸಂಗಡಿಗರಿಂದ’ ಎಂದು ಸಣ್ಣಗೆ ಬಂತು. ಅಂದಿನಿಂದ ನಾವು ಮೂವರೂ ಸಂಗಡಿಗರು.

ಸಂಗಡಿಗರಲ್ಲೂ ನಾನು ಕಟ್ಟಕಡೆಯವನು, ಏಕೆಂದರೆ ನಾನು ಬೇಸ್ ಗಿಟಾರಿನವನು. ಅದಕ್ಕೆ ಗಿಟಾರಿಗಿಂತ ಉದ್ದದ ಕುತ್ತಿಗೆ, ನಾಲ್ಕೇ ದಪ್ಪ ತಂತಿ. ಅತಿ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಹೆಚ್ಚುಕಡಿಮೆ 41 ಸಲ ಅದುರುತ್ತದೆ. ಮನುಷ್ಯನ ಕಿವಿ 20ರ ಸುಮಾರಿಗೆ ಕೇಳಲು ಶುರುಮಾಡುತ್ತದೆ ಎಂದ ಮೇಲೆ ನಾನು ಕಿವಿಯ ಹೊಸ್ತಿಲ ಹತ್ತಿರವೇ ಬಾರಿಸುವವನು. ಒಳಗೆ ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ. ಓಣಿಯ ಮಂದಿ ತಾಲೀಮು ನೋಡಲು ಬಂದು, “ಅವಂದು ಕುಂಯ್ ಕುಂಯ್ ಕೇಳತೈತಿ, ಇವಂದು ಢಣ್ ಢಣ್ ಕೇಳತೈತಿ, ನೀ ಏನ್ ಮಾಡಾಕತ್ತೀಯೋ ತಮ್ಮಾ?” ಎಂದು ಕೇಳಿ ಹೋಗುತ್ತಿದ್ದರು.

ನನ್ನನ್ನು ಮೊದಲು ಗುರುತಿಸಿದ್ದು ಅಡುಗೆಮನೆಯ ಪಾತ್ರೆಗಳು. ತಗ್ಗು ಸ್ವರಗಳಿಗೆ ಗೋಡೆ ಲೆಕ್ಕಕ್ಕಿಲ್ಲ. ಗಿಟಾರಿನ ಕಿರುಚಾಟ, ಹಾಡುವವನ ಆಲಾಪ ಕೋಣೆಯ ಬಾಗಿಲಲ್ಲೇ ಅರ್ಧ ಸತ್ತುಹೋದರೂ ನನ್ನದು ಮಣ್ಣಿನ ಗೋಡೆಯನ್ನು ಹೊಕ್ಕು ಆಚೆ ಬರುತ್ತದೆ. ನಾನು ಎರಡನೇ ತಂತಿ ಮೀಟಿದರೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ತಾಟುಗಳು ಝರ್ ಎನ್ನುತ್ತಿದ್ದವು. ಮೊದಲನೆಯದಕ್ಕೆ ಮೇಲಿನ ಹಲಗೆಯ ಉಪ್ಪಿನಕಾಯಿ ಬರಣಿಯ ಮುಚ್ಚಳ. ಒಂದು ನಿರ್ದಿಷ್ಟ ಸ್ವರಕ್ಕೆ ಅಜ್ಜನ ಕಾಲದ ಹಿತ್ತಾಳೆ ಕೊಡಪಾನ ಒಳಗಿಂದಲೇ ಹೂಂಗುಡುತ್ತಿತ್ತು. ಸ್ವಲ್ಪ ದಿನಕ್ಕೆ ಅವ್ವನಿಗೆ ನನ್ನ ಸಂಗೀತ ಪಾತ್ರೆಗಳ ಮೂಲಕ ಬಾಯಿಪಾಠವಾಯಿತು. “ನಿನ್ನೆ ಕೊಡಪಾನ ಆದಮ್ಯಾಲ ತಾಟು ಬಂದಿತ್ತು, ಇವತ್ತು ಬರಣಿ ಬಂತಲ್ಲ, ತಪ್ಪಿದಿ ನೋಡು,” ಎಂದು ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಅವಳು ಹೇಳಿದ್ದು ಸರಿಯೇ ಇರುತ್ತಿತ್ತು ಅನ್ನುವುದು ಹೆಚ್ಚಿನ ಅವಮಾನ.

ಇನ್ನು ಕಾರ್ಯಕ್ರಮಗಳು. ಡ್ರಮ್ ಸೆಟ್ ಟಂಟಂನಲ್ಲಿ, ನಾವು ಅದರ ಮೇಲೆ. ಇಂಥ ಕಡೆಗಳಲ್ಲಿ ಯಜಮಾನ ಹಾಡುಗಾರನೂ ಅಲ್ಲ, ಕಮಿಟಿಯವರೂ ಅಲ್ಲ, ಮೈಕಿನವನು. ಅವನ ಡಬ್ಬಿಯಲ್ಲಿ ಎಷ್ಟು ತೂತುಗಳಿವೆಯೋ ಅಷ್ಟು ಮಂದಿ ಕಲಾವಿದರು. ಮೊದಲ ಸಲ ಹೋದಾಗ ತೂತು ಮೂರೇ ಇದ್ದವು. ಯಾರನ್ನು ಬಿಡಬೇಕು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಾನು ಇಡೀ ಸಂಜೆ ಯಾವುದಕ್ಕೂ ಜೋಡಿಸದ ವೈರನ್ನು ಪ್ಯಾಂಟಿನ ಕಿಸೆಗೆ ಸಿಕ್ಕಿಸಿಕೊಂಡು ತಲೆ ಕುಣಿಸುತ್ತ ನಿಂತಿದ್ದೆ. ಮುಗಿದ ಮೇಲೆ ಕಮಿಟಿಯ ಹಿರಿಯರೊಬ್ಬರು ಬೆನ್ನು ತಟ್ಟಿ, “ಎಲ್ಲಾರಕಿಂತ ನಿಂದ ಹದಾ ಇತ್ತು ನೋಡಪಾ, ಕಿವಿಗೆ ಹಿತಾ ಅನಿಸ್ತು,” ಅಂದರು.

ರಾಕ್ ವೇದಿಕೆಯೆಂದರೆ ಹಾರಬೇಕು, ಉರುಳಬೇಕು, ನೋಡಿದವರು ಹೌಹಾರಬೇಕು ಎಂದು ಗಿಟಾರಿನವನ ಹಟ. ಒಂದು ಹಾಡಿನ ನಡುವೆ ಅವನು ಸ್ಪೀಕರ್ ಬಾಕ್ಸಿನ ಮೇಲಿಂದ ಜಿಗಿದು ಮಂಡಿಯೂರಿದ. ಮುಂದಿನ ಸಾಲಿನ ಹುಡುಗರು ಆಕಳಿಸಿದರು. ಅವರ ತಪ್ಪೇನೂ ಇಲ್ಲ. ನಮ್ಮೂರಿನ ಜ್ಞಾನಸಿಂಧು ಅಂಧ ಮಕ್ಕಳ ಶಾಲೆಯ ಹುಡುಗರು ಮಲ್ಲಗಂಬ ಏರಿ, ತುದಿಯಲ್ಲಿ ತಲೆಕೆಳಗಾಗಿ, ಕೈ ಬಿಟ್ಟು ನಿಲ್ಲುವುದನ್ನು ನೋಡಿ ಬೆಳೆದ ಕಣ್ಣುಗಳವು. ಕಣ್ಣೆರಡೂ ನೆಟ್ಟಗಿರುವ ದಾಂಡಿಗನೊಬ್ಬ ಮೂರಡಿ ಮೇಲಿಂದ ಜಿಗಿದು ಮೊಣಕಾಲು ತರಚಿಕೊಂಡರೆ ಯಾರು ಬೆರಗಾಗುತ್ತಾರೆ? ಕೆಳಗಿನಿಂದ ಒಂದು ಪೋರ, “ಅಣ್ಣಾ, ಪೆಟ್ಟಾತೇನ್ರಿ?” ಎಂದು ಮರುಕದಿಂದ ಕೇಳಿತು. ‘ಟುರ್ರ್ ಝಂಯ್’ ಅಂದ ಡ್ರಮ್ಮಿನವನು.

ಆಯೇರಿಯ ಕತೆ ಬೇರೆ. ಹಾಡು ಮೆಚ್ಚಿದವರು ರೊಕ್ಕ ಕೊಡುವುದು, ಅದನ್ನು ಮೈಕಿನಲ್ಲಿ ಕೂಗಿ ಹೇಳುವುದು ನಮ್ಮ ಕಡೆಯ ಪದ್ಧತಿ. ಕೂಗುವ ಹೊತ್ತಿಗೆ ಹಾಡು ನಿಲ್ಲಬೇಕು. ಗಿಟಾರಿನವನು ತಿಂಗಳುಗಟ್ಟಲೆ ತಿದ್ದಿ ತೀಡಿದ ಒಂಟಿ ವಾದನ ಶಿಖರಕ್ಕೇರುವಾಗಲೇ ಕಮಿಟಿಯವರು ವೇದಿಕೆ ಹತ್ತಿ ಮೈಕು ಕಸಿದು, ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರಿಂದ 51 ರೂಪಾಯಿ ಎನ್ನುತ್ತಿದ್ದರು. ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಯಾರ ಸ್ಮರಣಾರ್ಥ ಎಲ್ಲ ಮುಗಿಯುವ ಹೊತ್ತಿಗೆ ಶಿಖರ ಕರಗಿ, ಅವನು ಮತ್ತೆ ಬುಡದಿಂದ ಹತ್ತಬೇಕು. ಎರಡನೇ ಸಲ ಹತ್ತುವಾಗ 101 ರೂಪಾಯಿ ಬರುತ್ತಿತ್ತು. ಸಿಟ್ಟು ಮಾಡಿಕೊಳ್ಳುವಂತಿಲ್ಲ, ಟಂಟಂ ಬಾಡಿಗೆ ಅದರಲ್ಲೇ ಕೊಡಬೇಕು.

ನಮ್ಮ ಗರ್ವಭಂಗ ಪೂರ್ತಿಯಾದದ್ದು ಶರೀಫರ ಪದದಲ್ಲಿ. ಬೆಂಗಳೂರಿನಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂಡಿಸಿ ದೇಶ-ವಿದೇಶ ಕುಣಿಸಿದ್ದು ನಮಗೆಲ್ಲ ಆದರ್ಶ; 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮನ್ನು ಕೇಳಿ ಕೇಳಿ ನಮ್ಮ ಹಾಡುಗಾರ ಲುಂಗಿ ಉಡುವುದನ್ನೂ ಕಲಿತಿದ್ದ. ಆದರೆ ಬೆಂಗಳೂರಿನ ಕೇಳುಗರಿಗೂ ನಮ್ಮ ಕಡೆಯ ಕೇಳುಗರಿಗೂ ಒಂದು ವ್ಯತ್ಯಾಸವಿದೆ. 1889ರಲ್ಲಿ ಶರೀಫರು ತೀರಿಕೊಂಡರು ಎಂಬುದನ್ನು ಇಲ್ಲಿನ ಭಜನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ. ಪದ ಎತ್ತಿಕೊಂಡು ಎರಡು ಚರಣ ಮುಗಿಸಿ ನಾಲ್ಕನೆಯದಕ್ಕೆ ಹಾರಿದೆವು. ಪೆಂಡಾಲಿನ ಕಂಬಕ್ಕೊರಗಿ ಕೂತಿದ್ದ ಅಜ್ಜರೊಬ್ಬರು ರುಮಾಲು ಸರಿಮಾಡಿಕೊಂಡು ಎದ್ದು ನಿಂತರು. “ಮೂರನೇದ್ದು ಎಲ್ಲೋತ್ರಿ ಮಾರಾಯ್ರ?” ಅವರಿಗೆ ಉತ್ತರ ಬೇಕಿರಲಿಲ್ಲ, ಮೈಕು ಬೇಕಿತ್ತು. ಮೇಲೆ ಬಂದು, ಹೆಗಲ ಚೀಲದಿಂದ ತಾಳ ತೆಗೆದು, ಬಿಟ್ಟುಹೋದ ಚರಣದಿಂದ ಹಿಡಿದು ಇನ್ನೂ ಐದಾರು ಪದಗಳನ್ನು ಹಾಡಿದರು. ಡ್ರಮ್ಮಿನವನು ಹಾಯಾಗಿ ಅವರ ತಾಳಕ್ಕೆ ಹೊಂದಿಕೊಂಡ. ಹಾಡುಗಾರ ಹಿಂದೆ ನಿಂತು ‘ಸೋ’ ಎಳೆದ. ನನಗೂ, ಹೇಳಿದರೆ ನಾಚಿಕೆ, ಅಂದು ಬಾರಿಸಿದಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಆಯೇರಿ ನಿಲ್ಲದೆ ಬಂತು. ಅಷ್ಟೂ ಅಜ್ಜರ ಚೀಲಕ್ಕೆ ಹೋಯಿತು.

ಮದುವೆ, ಕುಬಸ, ಕಾಲೇಜು ಗ್ಯಾದರಿಂಗು ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಹಾಡು. ಸಂಭಾವನೆಯಾಗಿ ಬಂದ ಶಾಲುಗಳನ್ನು ಚಿಗವ್ವ ತೊಟ್ಟಿಲಿಗೆ ಹಾಸಿದಳು.

ಕಾರ್ಯಕ್ರಮದಿಂದ ಹೆಸರು ಬರುವುದಿಲ್ಲ, ರೆಕಾರ್ಡಿಂಗ್ ಮಾಡಬೇಕು ಎಂದ ಗಿಟಾರಿನವನು. ಹಾಡು ನಾನೇ ಬರೆದೆ, ವಿಷಯ ಒಂಟಿತನ. 11 ಮಂದಿಯ ಮನೆಯಲ್ಲಿ ಒಂಟಿತನದ ಬಗ್ಗೆ ಬರೆಯಲು ಒಂಟಿಯಾಗಿ ಕೂಡುವ ಜಾಗ ಸಿಗದೆ, ಗಿರಣಿಯಲ್ಲಿ ಜೋಳ ಬೀಸುವ ಸದ್ದಿನ ನಡುವೆ ಬರೆದದ್ದು. ಈ ಲೋಕದಲ್ಲಿ ನನ್ನವರು ಅಂತ ಯಾರೂ ಇಲ್ಲ ಎನ್ನುವ ಭಾವ. ಹಾಳೆ ಆಯಿಯ ಕೈಗೆ ಸಿಕ್ಕು, ಕಾಕಾನ ಮಗಳು ಓದಿ ಹೇಳಿ, ಸಂಜೆಗೆ ವಿಚಾರಣೆಯಾಯಿತು. “ಯಾರೂ ಇಲ್ಲಂತ ಯಾಕ ಬರ್ದೀ? ನಾ ಇನ್ನೂ ಅದೀನಲ್ಲ?” ಕವಿತೆಯಲ್ಲಿ ಹಾಗೆ ಬರೆಯುತ್ತಾರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವ್ವ ಮೂರು ದಿನ ಮಾತು ಬಿಟ್ಟಳು. ಅಪ್ಪ, “ಯಾರೂ ಇಲ್ಲದವನು ಗಿರಣಿ ಗಲ್ಲೇದಾಗಿನ ರೊಕ್ಕಾ ಯಾರ್ದಂತ ತಗೀತಾನ?” ಎಂದು ಗೋಡೆಗೆ ಕೇಳಿದ.

ಸ್ಟುಡಿಯೋ ಬಾಡಿಗೆ ಕೇಳಿ ಬಂದ ಮೇಲೆ ಮನೆಯ ಕಾಳಿನ ಕೋಣೆಯನ್ನೇ ಸ್ಟುಡಿಯೋ ಮಾಡುವುದೆಂದಾಯಿತು. ಲ್ಯಾಪ್‌ಟಾಪ್ ಇತ್ತು, 48 ವೋಲ್ಟ್ ಉಣಿಸಿದರೆ ಮಾತ್ರ ಬಾಯಿ ಬಿಡುವ ಕಂಡೆನ್ಸರ್ ಮೈಕು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಗೋಡೆಗೆ ತತ್ತಿ ಟ್ರೇ ಬಡಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂದು ಗಿಟಾರಿನವನು ಎಲ್ಲೋ ನೋಡಿ, ಒಂದು ಹೊರೆ ಟ್ರೇ ಹೊತ್ತು ತಂದ. ನಮ್ಮದು ಲಿಂಗಪೂಜೆಯ ಮನೆ. ಹೊಸ್ತಿಲ ಬಳಿ ಟ್ರೇ ಕಂಡ ಆಯಿ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಎತ್ತಿ ಹಿಡಿದು ಅಡ್ಡ ನಿಂತಳು. ತತ್ತಿ ಇಲ್ಲ, ಬರೀ ಟ್ರೇ ಎಂದರೂ, “ಹಾವಿಲ್ಲ, ಬರೇ ಹುತ್ತಾ ಅಂದಂಗಾತು,” ಅಂದಳು. ಆಮೇಲೆ ತಿಳಿಯಿತು, ಆ ತೆಳು ರಟ್ಟು ಸದ್ದನ್ನು ತಡೆಯುವುದೇ ಇಲ್ಲವಂತೆ. ತಡೆಯಲು ತೂಕ ಬೇಕು, ಹೀರಲು ದಪ್ಪ ಬಟ್ಟೆ ಬೇಕು. ಎರಡೂ ಮನೆಯಲ್ಲೇ ಇದ್ದವು. ಹಳೆಯ ಇಳಕಲ್ ಸೀರೆ ಪದರು ಪದರಾಗಿ ಹೊಲಿದ ಕೌದಿಗಳನ್ನು ಆಯಿ ಟ್ರಂಕಿನಿಂದ ತೆಗೆಸಿ ನಾಲ್ಕೂ ಗೋಡೆಗೆ ಇಳಿಬಿಡಿಸಿದಳು. ಮೂಲೆಗಳಲ್ಲಿ ಜೋಳದ ಚೀಲಗಳು ಮೊದಲೇ ಇದ್ದವು. ಬೆಂಗಳೂರಿನ ಇಂಜಿನಿಯರು ರೊಕ್ಕ ತೆಗೆದುಕೊಂಡು ಮಾಡುವುದನ್ನು ಆಯಿ ಚಳಿಗಾಲಕ್ಕೆಂದು ಹೊಲಿದಿಟ್ಟಿದ್ದಳು.

ತೊಂದರೆ ಕರೆಂಟಿನದು. ಗಿರಣಿ ನಡೆಯುತ್ತಿದ್ದರೆ ಮೋಟಾರಿನ ಗುಂಯ್‌ಗುಡುವಿಕೆ ರೆಕಾರ್ಡಿನೊಳಗೆ ಬರುತ್ತದೆ. ಕರೆಂಟು ಸೆಕೆಂಡಿಗೆ 50 ಸಲ ಅದುರುವಂಥದ್ದು, ಅದರ ದುಪ್ಪಟ್ಟು ಮೋಟಾರಿನದು. ನನ್ನ ಅತಿ ತೆಳು ತಂತಿ 98. ಎರಡರ ಸಣ್ಣ ಜಗಳ ಹಲ್ಲು ಜುಮ್ಮೆನ್ನಿಸುತ್ತದೆ. ಗಿರಣಿ ನಿಲ್ಲಿಸಿ ಅನ್ನುವ ಹಾಗಿಲ್ಲ. ಅದಾಗಿಯೇ ನಿಂತಿತೆಂದರೆ ಕರೆಂಟು ಹೋಗಿದೆ ಎಂದು ಅರ್ಥ, ಆಗ ಲ್ಯಾಪ್‌ಟಾಪಿನವನು ಬಿಟ್ಟು ಉಳಿದವರು ಬೀಸಣಿಗೆ ಹಿಡಿದು ಕೂಡಬೇಕು. ಕಡೆಗೆ ಗಿಟಾರಿನ ತಂತಿಗಳನ್ನೆಲ್ಲ ಮೋಟಾರಿನ ಶ್ರುತಿಗೇ ಏರಿಸಿದೆವು. ಹಾಡುವವನಿಗೆ ಅದು ಮಹಾ ಹಿಡಿಸಿತು. ತಂಬೂರಿಯ ಕೊರತೆ ನೀಗಿತು ಅಂದ. ಬೀಸಲು ಬಂದ ಹೆಂಗಸರು ಪುಟ್ಟಿ ಇಟ್ಟು ಬಾಗಿಲಲ್ಲಿ ನಿಂತು, “ಯಾರೂ ಇಲ್ಲಂತಾನ ಪಾಪ, ಹೆಣ್ಣ ನೋಡ್ರೆವ್ವಾ ಇವಗ,” ಎಂದು ಅವ್ವನಿಗೆ ಹೇಳಿ ಹೋದರು. ಅದೂ ರೆಕಾರ್ಡಾಗಿದೆ.

ಹಗೇವಿನ ಪ್ರಸಂಗ ಇಲ್ಲಿ ಬರಬೇಕು. ಹಾಡಿಗೆ ಪ್ರತಿಧ್ವನಿ ಬೇಕಿತ್ತು. ಕಂಪ್ಯೂಟರಿನಲ್ಲಿ ಹಾಕಿದ್ದು ಗಿಟಾರಿನವನಿಗೆ ಒಗ್ಗಲಿಲ್ಲ. ಹಾಲಿವುಡ್ಡಿನ ಕ್ಯಾಪಿಟಲ್ ಸ್ಟುಡಿಯೋದವರು ನೆಲದಡಿ 30 ಅಡಿ ಆಳದಲ್ಲಿ ಪ್ರತಿಧ್ವನಿಗೆಂದೇ ಕೋಣೆಗಳನ್ನು ಕಟ್ಟಿಸಿದ್ದಾರೆ, ಹಾಡನ್ನು ಅಲ್ಲಿಗೆ ಇಳಿಸಿ ಮತ್ತೆ ಮೇಲೆತ್ತುತ್ತಾರೆ ಎಂದು ಹೇಳಿದ. ನಮ್ಮದೇ ರೈಲಿನಲ್ಲಿ ವಿಜಯಪುರಕ್ಕೆ ಹೋದರೆ ಗೋಳಗುಮ್ಮಟ ಇದ್ದೇ ಇದೆ, ಕೂಗಿದ್ದು ಏಳು ಸಲ ಕೇಳುತ್ತದೆ ಎನ್ನುತ್ತಾರೆ. ಆದರೆ ಅಲ್ಲಿ ಶಾಲೆ ಪ್ರವಾಸದ ಮಕ್ಕಳ ಕೂಗೂ ಏಳೇಳು ಸಲ ಕೇಳುತ್ತದೆ. ಆಗ ಅಪ್ಪನೇ, “ಹಿತ್ತಲದಾಗ ಹಗೇವು ಐತಲ್ಲಪಾ,” ಎಂದ.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಆಳು ನುಸುಳುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. 2009ರ ಮಲಪ್ರಭೆಯ ನೆರೆಯಲ್ಲಿ ನೀರು ಹೊಕ್ಕ ಮೇಲೆ ನಮ್ಮಲ್ಲಿ ಅದಕ್ಕೆ ಕಾಳು ತುಂಬುವುದನ್ನು ಬಿಟ್ಟಿದ್ದರು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿ ಇಳಿದವರು ಸತ್ತದ್ದುಂಟು. ಆದ್ದರಿಂದ ಬಂಡೆ ಸರಿಸಿ ದಿನವೆಲ್ಲ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಇಳಿಸಿ, ಅದು ಆರದೆ ಉರಿದದ್ದನ್ನು ಅಪ್ಪ ನೋಡಿದ ಮೇಲೆಯೇ ಹಾಡುಗಾರನನ್ನು ಇಳಿಸಿದ್ದು. ಹಿಂದೆ ಮೈಕು ಇಳಿಯಿತು.

ಅವನು ಒಂದು ಷಡ್ಜ ಹಿಡಿದ. ಒಳಗಿನಿಂದ ಅದು ದುಂಡಗಾಗಿ ಮೇಲೆ ಬಂದಾಗ ಆಯಿ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ತನ್ನ ದನಿ ಇಷ್ಟು ಚೆಂದವಿದೆ ಎಂದು ಅವನಿಗೂ ಅಂದೇ ತಿಳಿದದ್ದು. ನಮ್ಮ ಹಾಡು ನಾಲ್ಕು ನಿಮಿಷದ್ದು. ಅದು ಮುಗಿದರೂ ಅವನು ಮೇಲೆ ಬರಲಿಲ್ಲ. ಭೈರವಿ ಎತ್ತಿಕೊಂಡ. ವಚನ ಹಾಡಿದ, ದಾಸರಪದ ಹಾಡಿದ. ಹಿತ್ತಲಿಗೆ ಓಣಿಯೇ ನೆರೆಯಿತು. ನಡುವೆ ಬುಟ್ಟಿಯಲ್ಲಿ ಚಹಾ ಇಳಿಸಿದರು, ಖಾಲಿ ಕಪ್ಪು ಮೇಲೆ ಬಂತು, ಜೊತೆಗೆ ಸಕ್ಕರೆ ಕಡಿಮೆಯಾಯಿತು ಎಂಬ ಪ್ರತಿಧ್ವನಿಯೂ ಬಂತು. ಸಂಜೆ ಸೊಳ್ಳೆ ಕಚ್ಚತೊಡಗಿದ ಮೇಲೆ ಹೊರಗೆ ಬಂದ.

ಹಾಡು ಯೂಟ್ಯೂಬಿಗೆ ಹತ್ತಿತು. ಪಡಸಾಲೆಯಲ್ಲಿ ಅಪ್ಪನ ಮೊಬೈಲನ್ನು ಒರಳ ಮೇಲೆ ನಿಲ್ಲಿಸಿ ಎಲ್ಲರೂ ಸುತ್ತ ಕುಳಿತರು. ಹೆಸರುಗಳಲ್ಲಿ ಹಾಡುಗಾರನದು ಮೊದಲು, ಆಮೇಲೆ ‘ಹಾಗೂ ಸಂಗಡಿಗರು’. ಹಾಡು ಶುರುವಾಯಿತು. ದನಿ ಬಂತು, ಗಿಟಾರು ಬಂತು, ಡ್ರಮ್ಮು ಬಂತು, ಹೆಣ್ಣು ನೋಡಿ ಎಂದ ಹೆಂಗಸೂ ಸ್ಪಷ್ಟವಾಗಿ ಬಂದಳು. ನಾನು ಬರಲಿಲ್ಲ.

“ನೀ ಎಲ್ಲಿ?” ಎಂದಳು ಅವ್ವ.

ಮೊಬೈಲಿನ ಸ್ಪೀಕರು ಹುಣಸೆಬೀಜದಷ್ಟಿರುತ್ತದೆ, ಅಷ್ಟು ತಗ್ಗಿನ ಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ಅದು ನೂಕಲಾರದು, ದೊಡ್ಡ ಬಾಕ್ಸಿನಲ್ಲಿ ಕೇಳಿದರೆ ನಾನು ಇದ್ದೇನೆ ಎಂದು ವಿವರಿಸಿದೆ. ಹಾಡು ಕೇಳಿದವರೆಲ್ಲ ಕೇಳಿದ್ದು ಮೊಬೈಲಿನಲ್ಲಿಯೇ. ಅವ್ವ ಅಡುಗೆಮನೆಯತ್ತ ನೋಡಿದಳು. ಒಂದು ತಾಟೂ ಅಲುಗಿರಲಿಲ್ಲ. ಆಯಿ ಎದ್ದು ಹೋಗುತ್ತ, “ಯಾರೂ ಇಲ್ಲ ಅಂತ ಬರ್ದಿದ್ದು ಖರೇ ಆತು ನೋಡು,” ಅಂದಳು.

ಇದಾದ ಮೇಲೆ ಸುಗ್ಗಿ ಬಂತು. ಕಡಲೆ ಕೀಳುವುದು, ಜೋಳ ಮುರಿಯುವುದು. ಡ್ರಮ್ಮಿನವನು ಬನಶಂಕರಿ ಜಾತ್ರೆಗೆ ಕಂಪನಿ ಸೇರಿಕೊಂಡ. ತಾಲೀಮು ನಿಂತಿತು. ಒಂದು ಸಂಜೆ ಪಕ್ಕದ ಮನೆಯ ಮಾಮಾ ಖಾಲಿ ಚರಿಗೆ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಗಿರಣಿಯ ಮುಂದೆ ಬಂದು ನಿಂತ.

“ನಿನ್ನ ಮಗನ ಬ್ಯಾಂಡಿನಿಂದ ನನ್ನ ಎಮ್ಮಿ ಹಾಳಾತು!”

ನನ್ನ ಎದೆ ಉಬ್ಬಿತು. ಇಷ್ಟು ವರ್ಷಕ್ಕೆ ಒಬ್ಬ ಗಂಡಸು ಬಂದ. ಗಿಟಾರಿನವನಿಗೆ ಫೋನ್ ಮಾಡಿದೆ. ಅವನು ಅಂಗಡಿಯ ಶಟರ್ ಎಳೆದು ಕರಿ ಅಂಗಿಯಲ್ಲಿ ಓಡಿ ಬಂದ. ಹಾಡುಗಾರನೂ ಬಂದ. ಎಲ್ವಿಸ್‌ನ ಸೊಂಟಕ್ಕೆ ಸಿಕ್ಕ ಗೌರವ ನಮಗೆ ಒಂದು ಎಮ್ಮೆಯ ಕೆಚ್ಚಲಿನಿಂದಾದರೂ ಸಿಗಲಿ ಎಂದು ಮೂವರೂ ಸಾಲಾಗಿ ನಿಂತೆವು. ಅಪ್ಪ ಗಿರಣಿ ನಿಲ್ಲಿಸಿದ.

“ಏನಾತು, ಸಮಾಧಾನಲೆ ಹೇಳೋ ಮಾರಾಯಾ.”

“ಏನ್ ಸಮಾಧಾನ? ಇವರ ಕ್ವಾಣಿ ಗ್ವಾಡಿಗೆ ಹತ್ತೇ ನಮ್ಮ ಎಮ್ಮಿ ಕಟ್ಟೋದು. ದಿನಾ ಹಿಂಡೋ ಹೊತ್ತಿಗೆ ಗ್ವಾಡಿಯಾಗಿಂದ ಡುಮ್ ಡುಮ್ ಅಂತಿತ್ತು. ಈಗ ಹದಿನೈದು ದಿನಾತು, ಬಂದ್ ಮಾಡ್ಯಾರ. ಹಾಲು ಇಳಸವಲ್ದು! ಗ್ವಾಡಿಗೆ ಕಿವಿ ಹಚ್ಚಿ ನಿಂದರತೈತಿ. ಯಾಕ ಬಂದ್ ಮಾಡೀರಿ ಹೇಳ್ರಿ ಮೊದಲ!”

ಇದರಲ್ಲಿ ತಮಾಷೆಯೇನೂ ಇಲ್ಲ. 2001ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಆಕಳುಗಳಿಗೆ ಹಾಡು ಕೇಳಿಸಿ ನೋಡಿದ್ದಾರೆ. ನಿಧಾನ ಗತಿಯ ಹಾಡಿಗೆ ಹಾಲು ಶೇ 3ರಷ್ಟು, ಅಂದರೆ ದಿನಕ್ಕೆ ತಲಾ 0.73 ಲೀಟರ್ ಹೆಚ್ಚಾಯಿತು. ಅಬ್ಬರದ ಹಾಡಿಗೆ ಏನೂ ಆಗಲಿಲ್ಲ. ಗಿಟಾರಿನವನು ಇದನ್ನು ಮೊಬೈಲಿನಲ್ಲಿ ಹುಡುಕಿ ಅಲ್ಲೇ ಓದಿ ಹೇಳಿದ. ಹೇಳಬಾರದಿತ್ತು, ಏಕೆಂದರೆ ಮಾಮಾ ಅವನನ್ನು ಮೇಲಿಂದ ಕೆಳಗೆ ನೋಡಿ, ಕುಂಯ್ ಕುಂಯ್ ಅನ್ನುವವರು ಯಾರೂ ತಮ್ಮ ಹಿತ್ತಲ ಕಡೆ ಸುಳಿಯಕೂಡದು ಎಂದುಬಿಟ್ಟ. ಹಾಡುವವನೂ ಬೇಡ, ಅವನ ದನಿಗೆ ಕರು ಬೆದರುತ್ತದೆ.

“ಆ ಡುಮ್ ಡುಮ್ ಯಾರ್ದದು?”

ಕೈ ಎತ್ತಿದೆ. ಅಪ್ಪ ನನ್ನತ್ತ ನೋಡಿದ. ಅಡುಗೆಮನೆಯ ಬಾಗಿಲಿಗೆ ಅವ್ವನೂ ಬಂದು ನಿಂತಿದ್ದಳು.

“ನಾಳೆಯಿಂದ ಮುಂಜಾನೆ ಐದಕ್ಕ, ಸಂಜಿ ಐದೂವರಿಗೆ. ಅರ್ಧ ಲೀಟರ್ ಕೊಡತೀನಿ,” ಅಂದ ಮಾಮಾ.

“ಒಂದ್ ಲೀಟರ್,” ಎಂದಳು ಆಯಿ ಒಳಗಿನಿಂದ. “ಒಬ್ಬಾವನ ಬಾರಿಸಬೇಕಾಕೈತಿ.”

ಮುಕ್ಕಾಲಿಗೆ ಒಪ್ಪಂದವಾಗಿದೆ. ಅಮಾವಾಸ್ಯೆಗೆ ರಜೆ, ಚರಿಗೆ ನಮ್ಮದೇ ಒಯ್ಯಬೇಕು.